ಹಸಿರು ಬಳೆಯ ಕೋಳಿಗಳು

ಕೋಳಿಯ ರೆಕ್ಕೆ ಬಿಚ್ಚಿ ಹಿಡಿದು, ಒಳಗಡೆಯ ನಾಲ್ಕು ಸಣ್ಣ ಪುಕ್ಕ ಕಿತ್ತು, ನರಕ್ಕೆ ಸೂಜಿ ತಾಗಿಸಿ ಒಂದು ಹನಿ ರಕ್ತ ತೆಗೆಯುವುದರಲ್ಲಿ ನನ್ನಷ್ಟು ಚುರುಕಾದವರು ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳಲ್ಲಿ ಆಗ ಇರಲಿಲ್ಲ. ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ. ಕೋಳಿ ಒಂದು ಸಲ ಕೊಕ್ ಅನ್ನುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಸೇಲಂ ಪೇಟೆಯ ಅಂಚಿನಲ್ಲಿದ್ದ, ದನ ಕೋಳಿಗಳ ರೋಗ ಪರೀಕ್ಷೆ ಮಾಡುವ ಎರಡು ಕೋಣೆಯ ಲ್ಯಾಬಿನಲ್ಲಿ ನಾನು ಅಸಿಸ್ಟೆಂಟು. ಬಿಳಿ ಕೋಳಿ ಸಾಕುವ ಹುಚ್ಚು ಊರೂರಿಗೂ ಹತ್ತಿದ್ದ ಕಾಲ. ನೇಯ್ಗೆಯವರು, ಮೇಷ್ಟ್ರುಗಳು, ರಿಟೈರಾದ ಪೊಲೀಸರು, ಎಲ್ಲರೂ ಹಿತ್ತಲಿಗೆ ತಂತಿ ಬಲೆ ಕಟ್ಟಿ 'ಕೋಳಿಪಣ್ಣೆ', ಅಂದರೆ ಕೋಳಿ ಫಾರಮ್ಮು, ಎಂದು ತಮಿಳಿನಲ್ಲಿ ಬೋರ್ಡು ಬರೆಸುತ್ತಿದ್ದರು. ಬೋರ್ಡಿನ ಬಣ್ಣ ಒಣಗುವ ಮುಂಚೆ ಮರಿಗಳು ಸಾಯಲು ಶುರುವಾಗುತ್ತಿದ್ದವು. ಆಗ ಅವರಿಗೆ ನಮ್ಮ ಲ್ಯಾಬು ನೆನಪಾಗುತ್ತಿತ್ತು.

ಮರಿಗಳನ್ನು ಕೊಲ್ಲುತ್ತಿದ್ದ ಆ ರೋಗಕ್ಕೆ ಜನ ಬಿಳಿ ಭೇದಿ ಎನ್ನುತ್ತಿದ್ದರು. ಹುಟ್ಟಿ ನಾಲ್ಕೈದು ದಿನದ ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತವೆ, ಕಣ್ಣು ಮುಚ್ಚಿ ತೂಗುತ್ತವೆ, ಹಿಂಭಾಗಕ್ಕೆ ಸುಣ್ಣದಂಥ ಹಿಕ್ಕೆ ಮೆತ್ತಿಕೊಂಡಿರುತ್ತದೆ, ಒಂದು ವಾರದಲ್ಲಿ ಬುಟ್ಟಿ ಖಾಲಿ. ಈ ರೋಗದ ಮೋಸ ಇರುವುದು ತಾಯಿಯಲ್ಲಿ. ತಾಯಿ ಕೋಳಿ ಗಟ್ಟಿಮುಟ್ಟಾಗಿರುತ್ತದೆ, ಮೇಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ರೋಗಾಣು ಮಾತ್ರ ಅದರ ಹೊಟ್ಟೆಯ ತತ್ತಿಗೊಂಚಲಲ್ಲಿ ಮನೆ ಮಾಡಿಕೊಂಡಿದ್ದು, ಮೊಟ್ಟೆಯೊಳಗೆ ಕೂತು ಮರಿಗೆ ಇಳಿಯುತ್ತದೆ, ಒಂದು ಮರಿಯಿಂದ ಇಡೀ ಬುಟ್ಟಿಗೆ ಹರಡುತ್ತದೆ. ಅಂಥ ತಾಯಿಯನ್ನು ಹುಡುಕಿ ತೆಗೆಯುವುದೇ ನನ್ನ ಕೆಲಸ.

ಅದಕ್ಕೆ ಬೇಕಾದದ್ದು ಒಂದು ಬಿಳಿ ಪಿಂಗಾಣಿ ಹಲಗೆ, ಒಂದು ಬಾಟಲಿ ನೇರಳೆ ನೀರು. ಆ ನೀರಿನಲ್ಲಿ ಇದ್ದದ್ದು ಅದೇ ರೋಗಾಣು, ಕೊಂದು ಬಣ್ಣ ಹಾಕಿದ್ದು. ಮೈಯೊಳಗೆ ರೋಗ ಹೊಕ್ಕಿದ್ದ ಕೋಳಿಯ ರಕ್ತ ಅದನ್ನು ಕಂಡೊಡನೆ ಗುರುತು ಹಿಡಿಯುತ್ತದೆ. ಎರಡು ಹನಿ ಬೆರೆಸಿ ಹಲಗೆಯನ್ನು ಮೆಲ್ಲಗೆ ಓಲಾಡಿಸಿದರೆ, ಎರಡು ನಿಮಿಷದೊಳಗೆ ಹಾಲು ಒಡೆದಂತೆ ನೇರಳೆ ಕಾಳುಗಳು ಏಳುತ್ತವೆ. ರೋಗವಿಲ್ಲದ ಕೋಳಿಯ ರಕ್ತ ನುಣ್ಣಗೆ ಹಾಗೇ ಇರುತ್ತದೆ. ಕಾಳೆದ್ದರೆ ಕೋಳಿಯನ್ನು ಬೇರೆ ಮಾಡಿಸುತ್ತಿದ್ದೆ, ನುಣ್ಣಗಿದ್ದರೆ ಕಾಲಿಗೆ ಹಸಿರು ಪ್ಲಾಸ್ಟಿಕ್ ಬಳೆ ತೊಡಿಸುತ್ತಿದ್ದೆ. ಹಸಿರು ಬಳೆ ಹಾಕಿದೆನೆಂದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡಬಾರದು.

ನಮ್ಮದು ಮಾರಂಡಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬಾಟಲಿಯ ಚೀಟಿಯಲ್ಲಿ ಇಂಗ್ಲಿಷು. ನನ್ನನ್ನು ಐದನೇ ಕ್ಲಾಸಿಗೆ ಬಿಡಿಸಿ ಕುರಿ ಹಿಂದೆ ಕಳಿಸಬೇಕೆಂದು ಅಪ್ಪ ಗೊತ್ತು ಮಾಡಿದ್ದಾಗ, ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಬಾಗಿಲಿಗೆ ಅಡ್ಡ ಕೂತಿದ್ದಳಂತೆ. ಅವಳು ಕೂತರೆ ಎಬ್ಬಿಸುವವರು ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ನಾನು ಓದಿದೆ, ಲ್ಯಾಬಿನ ತರಬೇತಿ ಮುಗಿಸಿದೆ, ಗೌರ್ಮೆಂಟ್ ಕೆಲಸ ಹಿಡಿದೆ.

ಅತ್ತೆಗೆ ಮಕ್ಕಳಿರಲಿಲ್ಲ. ಅವಳೂ ಮಾವನೂ ವರ್ಷದಲ್ಲಿ ಆರು ತಿಂಗಳು ಮಂದೆಯ ಹಿಂದೆ ಅಲೆದು, ಕಂಡವರ ಹೊಲದಲ್ಲಿ ಕುರಿ ಕೂಡಿ, ಮೂರು ಕಲ್ಲು ಇಟ್ಟಲ್ಲೇ ಮುದ್ದೆ ಬೇಯಿಸಿ ಬದುಕಿದವರು. ಐವತ್ತು ದಾಟುತ್ತಿದ್ದಂತೆ ಅತ್ತೆಯ ಬಲಗಾಲಿನ ಮಂಡಿ ಊದಿಕೊಂಡಿತು. ನಡೆಯಲಾಗದು, ನಡೆಯದೆ ಕುರಿ ಸಾಕಲಾಗದು. ಕುರಿ ಮಾರಿ ಬಿಳಿ ಕೋಳಿ ಕಟ್ಟಿ ಎಂದು ತಲೆಗೆ ತುಂಬಿದವಳು ನಾನೇ. ಅರವತ್ತು ಹೇಂಟೆ, ಆರು ಹುಂಜ, ಸೀಮೆಎಣ್ಣೆ ದೀಪದಲ್ಲಿ ಮೊಟ್ಟೆಗೆ ಕಾವು ಕೊಡುವ ಒಂದು ಮರದ ಪೆಟ್ಟಿಗೆ. ಮರಿ ಮಾಡಿ ಸುತ್ತಲಿನ ಊರುಗಳಿಗೆ ಕೊಡುವುದು. ಮಾವ ಒಪ್ಪಿದ್ದು ಅರೆಮನಸ್ಸಿನಿಂದ. ಕುರಿ ಇಲ್ಲದ ಬೆಳಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯದೆ, ಕೋಲು ಹಿಡಿದು ಕೋಳಿಗಳ ಹಿಂದೆ ನಿಲ್ಲುತ್ತಿದ್ದ.

ಕೋಳಿಗಳು ಮೊಟ್ಟೆಗೆ ಬಂದಾಗ ನಾನು ಒಂದು ಭಾನುವಾರ ಸೇಲಂನಿಂದ ಬಸ್ಸು ಹತ್ತಿ, ತೊಪ್ಪೂರಿನ ತಿರುವುಗಳಲ್ಲಿ ಪಿಂಗಾಣಿ ಹಲಗೆಯನ್ನು ಎದೆಗವಚಿಕೊಂಡು, ಧರ್ಮಪುರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಅತ್ತೆಯ ಊರಿಗೆ ಹೋದೆ. ಅರವತ್ತಾರನ್ನೂ ಅರ್ಧ ದಿನದಲ್ಲಿ ಮುಗಿಸಿದೆ. ಒಂದರಲ್ಲೂ ಕಾಳೇಳಲಿಲ್ಲ. ಎಲ್ಲಕ್ಕೂ ಹಸಿರು ಬಳೆ. ಅತ್ತೆ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು, ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿ ನಾನು ಇನ್ನಷ್ಟು ಬಿರುಸಾಗಿ ಸೂಜಿ ಆಡಿಸಿದೆ.

ಉಳಿದದ್ದು ಒಂದು. ಕಾಲಿಗೆ ಅರಿಶಿನದ ದಾರ ಕಟ್ಟಿದ, ಕೆಂಪು ಮೈಯ ಕಪ್ಪು ಬಾಲದ ನಾಟಿ ಹುಂಜ. ನನಗೆ ಕೆಲಸ ಸಿಗಲಿ ಎಂದು ಅತ್ತೆ ಕೆರೆ ಏರಿಯ ಮುನಿಯಪ್ಪನಿಗೆ ಹರಕೆ ಹೊತ್ತು ಬಿಟ್ಟದ್ದು. ಕೆಲಸ ಸಿಕ್ಕಿ ವರ್ಷ ಕಳೆದಿತ್ತು. ಹರಕೆ ಒಪ್ಪಿಸುವಾಗ ಅದು ಯಾರ ಹೆಸರಿನದೋ ಅವರು ಎದುರಿಗಿರಬೇಕು, ನನಗೋ ರಜೆ ಸಿಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಕೇಳಿರಲೇ ಇಲ್ಲ. ಹುಂಜ ಕೊಬ್ಬಿ, ತಂತಿ ಬಲೆ ಹಾರಿ ಬಿಳಿ ಹೇಂಟೆಗಳ ನಡುವೆ ದೊರೆಯಂತೆ ತಿರುಗುತ್ತಿತ್ತು.

"ಇದ್ನೂ ಹಿಡಿ ಅತ್ತೆ" ಎಂದೆ.

"ಅದುನ್ನ ಮುಟ್ಟಂಗಿಲ್ಲ. ಅರಕೆ ಕಟ್ಟಿದ್ ಮ್ಯಾಲೆ ಮುನಿಯಪ್ಪನ್ ಕತ್ತಿ ಬಿಟ್ರೆ ಬ್ಯಾರೆ ಕಬ್ಬಿಣ ಮೈಗೆ ತಾಗ್ಬಾರ್ದು."

"ಒಂದ್ ಸೂಜಿ ಅತ್ತೆ."

"ಸೂಜಿ ಏನ್ ಮರದ್ದಾ?"

ಮಾವ ನಕ್ಕ. ನನಗೆ ಸಿಟ್ಟು ಬಂತು, ಆದರೂ ಬಸ್ಸಿಗೆ ಹೊತ್ತಾಗಿತ್ತು, ಬಿಟ್ಟು ಬಂದೆ.

ಮೊದಲ ಸಲ ಪೆಟ್ಟಿಗೆ ತೆರೆದಾಗ ಮರಿಗಳು ಚೆನ್ನಾಗೇ ಹುಟ್ಟಿದ್ದವು. ಐದನೇ ದಿನಕ್ಕೆ ತೂಗಲು ಶುರುಮಾಡಿದವು, ಹತ್ತನೇ ದಿನಕ್ಕೆ ನೂರರಲ್ಲಿ ಬೆರಳೆಣಿಕೆಯಷ್ಟು ಉಳಿದವು. ಮಾವ ಕಾಗದ ಬರೆಸಿದ. ನಾನು ಹೋಗಿ ನೋಡಿದೆ: ಬಿಳಿ ಭೇದಿಯೇ. ಅನುಮಾನವೇ ಬೇಡ ಎಂದೆ, ಹುಂಜದ ಕಡೆ ಬೆರಳು ತೋರಿಸಿದೆ. ಪರೀಕ್ಷೆಯಾಗದೆ ಉಳಿದದ್ದು ಅದೊಂದೇ, ಹೇಂಟೆಗಳ ಜೊತೆ ಸೇರುತ್ತದೆ, ಎಲ್ಲೆಂದರಲ್ಲಿ ಹಿಕ್ಕೆ ಹಾಕುತ್ತದೆ, ಬೇರೆ ಯಾರು? ಅತ್ತೆ ತಲೆ ಅಲ್ಲಾಡಿಸಿದಳು. ನೀನು ರಜೆ ಹಾಕು, ನಾಳೆಯೇ ಮುನಿಯಪ್ಪನಿಗೆ ಒಪ್ಪಿಸಿಬಿಡೋಣ, ತಕರಾರೇ ಇರೋದಿಲ್ಲ ಎಂದಳು. ಎಷ್ಟು ಸುಲಭದ ದಾರಿ ಅದು! ಆದರೆ ನನಗೆ ಆ ಹುಂಜ ತಪ್ಪಿತಸ್ಥ ಎಂದು ಸಾಬೀತಾಗಬೇಕಿತ್ತು, ದೇವರ ಪಾಲಾಗಿ ಜಾರಿಕೊಳ್ಳುವುದು ಬೇಕಿರಲಿಲ್ಲ. ಕೆಲಸ ಇದೆ ಎಂದು ಹೇಳಿ ಬಸ್ಸು ಹತ್ತಿದೆ.

ಎರಡನೇ ಸಲದ ಮರಿಗಳೂ ಹೋದವು.

ಈ ಸಲ ಮಾವ ಕಾಗದ ಬರೆಸಲಿಲ್ಲ, ತಾನೇ ಸೇಲಂಗೆ ಬಂದ. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿ, ನನ್ನ ಮುಖ ನೋಡದೆ ಹೇಳಿದ: "ಇನ್ನೊಂದ್ ಕಿತ ಮೊಟ್ಟೆ ಇಡ್ತೀವಿ ಮಗಾ. ಅದೂ ಓದ್ರೆ ಇವುನ್ನೆಲ್ಲ ಕೊಟ್ಬುಟ್ಟು ಕುರಿ ತಂದ್ಬುಡ್ತೀನಿ. ನಿಮ್ಮತ್ತೆ ನಡೀಬೇಕು, ಏನ್ ಮಾಡೋದು."

ಅವನು ಬೆದರಿಸುತ್ತಿರಲಿಲ್ಲ. ಬೇರೆ ಏನೂ ತಿಳಿಯದವನು ತನಗೆ ತಿಳಿದದ್ದನ್ನು ಹೇಳುತ್ತಿದ್ದ, ಅಷ್ಟೆ. ಆ ಊದಿದ ಮಂಡಿಯಲ್ಲಿ ಅತ್ತೆ ಹೊಲದಿಂದ ಹೊಲಕ್ಕೆ ನಡೆಯುವುದು ನನ್ನ ಕಣ್ಣಿಗೆ ಕಟ್ಟಿತು. ನನಗೆ ಸಂಕಟವಾಯಿತು. ಸಂಕಟವನ್ನು ಸಿಟ್ಟು ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ಹುಂಜದ ಮೇಲೆ ಹರಿಹಾಯ್ದೆ.

ವಾರದ ಸಂತೆಯ ದಿನ ನೋಡಿಕೊಂಡು ಹೋದೆ. ಅತ್ತೆ ಮಾರಂಡಹಳ್ಳಿ ಸಂತೆಗೆ ಹೋಗಿದ್ದಳು. ಮಾವ ಮನಸ್ಸಿಲ್ಲದ ಮನಸ್ಸಿನಿಂದ ಹುಂಜ ಹಿಡಿದುಕೊಟ್ಟ. ಸೂಜಿ ತಾಗಿಸಿದೆ, ಹನಿ ಬೆರೆಸಿದೆ, ಹಲಗೆ ಓಲಾಡಿಸಿದೆ. ಎರಡು ನಿಮಿಷ, ಮೂರು ನಿಮಿಷ. ನುಣ್ಣಗೆ. ಒಂದು ಕಾಳಿಲ್ಲ.

ಈಗ ಹೇಳಲು ನಾಚಿಕೆಯಾಗುತ್ತದೆ. ಅರವತ್ತಾರು ಕೋಳಿಗಳ ವಿಷಯದಲ್ಲಿ ನಾನು ಆ ಹಲಗೆಯನ್ನು ಕಣ್ಣುಮುಚ್ಚಿ ನಂಬಿದ್ದೆ. ಅದೇ ಹಲಗೆ ನನ್ನ ಮಾತಿಗೆ ಎದುರು ನಿಂತಾಗ ನಂಬಲಿಲ್ಲ. ಕೆಲವೊಮ್ಮೆ ರಕ್ತದಲ್ಲಿ ಕಾಣೋದಿಲ್ಲ ಮಾವ, ಒಳಗೆ ನೋಡಬೇಕು ಎಂದೆ. ಅವನು ಏನಾದರೂ ಹೇಳುವ ಮುಂಚೆ ಹುಂಜದ ಕತ್ತು ನನ್ನ ಕೈಯಲ್ಲಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿ ಕೊಯ್ದೆ. ಈಲಿ, ಗುಂಡಿಗೆ, ಬೀಜ ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಕಲೆ ಇಲ್ಲ, ಒಂದು ಬಿಳಿ ಚುಕ್ಕೆ ಇಲ್ಲ. ಅಂಥ ಆರೋಗ್ಯವಂತ ಹುಂಜವನ್ನು ನಾನು ಕೊಯ್ದದ್ದೇ ಕಡಿಮೆ.

ಅಷ್ಟರಲ್ಲಿ ಸಂತೆಯಿಂದ ಬಂದ ಅತ್ತೆ ತಲೆಯ ಮೇಲಿನ ಕುಕ್ಕೆ ಇಳಿಸದೆ ಅಂಗಳದಲ್ಲಿ ನಿಂತಳು. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ಕುಕ್ಕೆ ಇಳಿಸಿ, ಮಂಡಿ ಹಿಡಿದುಕೊಂಡು ಕಲ್ಲಿನ ಹತ್ತಿರ ಕೂತು, ಹುಂಜದ ಕಾಲಿನಿಂದ ಅರಿಶಿನದ ದಾರ ಬಿಚ್ಚಿದಳು. ಬಾನಿಯ ನೀರಿನಲ್ಲಿ ತೊಳೆದಳು.

"ಸಿಕ್ತಾ?"

"ಇಲ್ಲ ಅತ್ತೆ."

"ಅಂಗಾದ್ರೆ ಸುಮ್ಕೆ ಕೊಂದ್ಬುಟ್ಟೆ." ದಾರವನ್ನು ದೇವರ ಗೂಡಿನಲ್ಲಿಟ್ಟು ಒಲೆ ಹಚ್ಚಲು ಹೋದಳು. ಮಧ್ಯಾಹ್ನ ನನಗೆ ಮುದ್ದೆ ಬಡಿಸಿದಳು, ಸಾರು ಇನ್ನೊಂದು ಸೌಟು ಹಾಕಿದಳು. ಹುಂಜವನ್ನು ಯಾರೂ ತಿನ್ನಲಿಲ್ಲ, ಮಾವ ಬೇಲಿಯ ಬುಡದಲ್ಲಿ ಹೂತ. ಅವತ್ತು ಅವಳು ನಾಲ್ಕು ಬಾರಿಸಿದ್ದರೂ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಎರಡನೇ ಸಲದಲ್ಲಿ ಕೊನೆಗೆ ಉಳಿದು ಆ ಬೆಳಗ್ಗೆ ಸತ್ತಿದ್ದ ಮರಿಗಳನ್ನು ಟಿಫಿನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ, ಹುಂಜದ ಈಲಿ ಮತ್ತು ಬೀಜವನ್ನು ಮೇಲಿನದರಲ್ಲಿ, ನಡುವೆ ಐಸ್ ಫ್ರೂಟ್ ಮಾರುವವನಿಂದ ತಂದ ಮಂಜುಗಡ್ಡೆ ತುಂಬಿ ಲ್ಯಾಬಿಗೆ ಒಯ್ದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಏನಮ್ಮಾ ಅಡುಗೆ ಎಂದು ತಮಿಳಿನಲ್ಲಿ ಕೇಳಿದಳು. ಕೋಳಿ ಎಂದೆ. ಸುಳ್ಳಲ್ಲವಲ್ಲ.

ನಮ್ಮ ಡಾಕ್ಟರು ರಿಟೈರಾಗುವ ವಯಸ್ಸಿನವರು, ತಮಿಳರು, ದನಿ ಎತ್ತಿ ಮಾತಾಡಿದವರಲ್ಲ. ಏನೇ ಕೇಳಿದರೂ "ಪಾಕಲಾಂ" ಎನ್ನುವರು, ನೋಡೋಣ ಎಂದು. ನನ್ನಂಥವಳಿಗೆ ಆ ಪಾಕಲಾಂ ಕೇಳಿದರೆ ಮೈ ಉರಿಯುತ್ತಿತ್ತು. ಎರಡು ದಿನ ಕಾದೆವು. ಮರಿಗಳ ಈಲಿಯಿಂದ ತೆಗೆದದ್ದನ್ನು ಹಚ್ಚಿದ್ದ ಗಾಜಿನ ತಟ್ಟೆಯಲ್ಲಿ ರೋಗಾಣುಗಳು ಸಣ್ಣ ಸಣ್ಣ ಹನಿಗಳಾಗಿ ದಟ್ಟವಾಗಿ ಬೆಳೆದಿದ್ದವು. ಹುಂಜದ ತಟ್ಟೆ ಬೋಳು. ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದು, ಆಮೇಲೆ ನನ್ನ ನೇರಳೆ ಬಾಟಲಿಯನ್ನು ಎತ್ತಿ ಹಿಡಿದರು.

"ಈ ಬಾಟ್ಲಿಯೊಳಗಿನ ರೋಗಾಣು ಎಲ್ಲಿಯದು ಗೊತ್ತಾಮ್ಮಾ?" ತಮಿಳಿನಲ್ಲೇ ಕೇಳಿದರು.

ಗೊತ್ತಿರಲಿಲ್ಲ. ಯಾವತ್ತೂ ಕೇಳಿಕೊಂಡಿರಲಿಲ್ಲ. ಎಲ್ಲೋ ದೂರದ ಊರಿನ ಯಾವುದೋ ಕೋಳಿಯಿಂದ ಎಂದೋ ತೆಗೆದು, ಬೆಳೆಸುತ್ತಾ ಬಂದದ್ದು. ನಿಮ್ಮ ಅತ್ತೆ ಮನೆಯ ರೋಗಾಣು ಅದರ ಹಾಗೇ ಇರಬೇಕೆಂದು ಏನು ಕಟ್ಟಳೆ ಎಂದರು ಡಾಕ್ಟರು. ಹೆಸರು ಒಂದೇ, ರೋಗ ಒಂದೇ, ಆದರೆ ಮೈಮೇಲಿನ ಗುರುತು ಬೇರೆಯಾಗಿರಬಹುದು. ಬಾಟಲಿಯದಕ್ಕೂ ಫಾರಮ್ಮಿನದಕ್ಕೂ ಗುರುತು ಹೊಂದದಿದ್ದರೆ, ರೋಗ ಹೊಕ್ಕ ಕೋಳಿಯ ರಕ್ತವೂ ಬಾಟಲಿಯದನ್ನು ನೋಡಿ ಇದು ಯಾರೋ ಗೊತ್ತಿಲ್ಲ ಎಂದು ಸುಮ್ಮನಿರುತ್ತದೆ.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಮ್ಮಪ್ಪ ಇನ್ನೂರು ಕರಿ ಕುರಿಗಳ ಮಂದೆಯಲ್ಲಿ ಒಂದರ ಮೂತಿ ನೋಡಿ ಇದು ಯಾವ ತಾಯಿಯ ಮರಿ, ಅದರಜ್ಜಿ ಯಾರ ಹಟ್ಟಿಯಿಂದ ಬಂದದ್ದು ಎಂದು ಹೇಳುತ್ತಿದ್ದ. ಪೇಟೆಯವರಿಗೆ ಎಲ್ಲವೂ ಕರಿ ಕುರಿಯೇ. ಅವರನ್ನು ನೋಡಿ ನಗುತ್ತಾ ಬೆಳೆದವಳು ನಾನು, ಬಾಟಲಿಯ ಮುಂದೆ ಪೇಟೆಯವಳಂತೆ ನಿಂತಿದ್ದೆ. ಈಗ ಇದನ್ನು ಜೀನುಗಳ ಲೆಕ್ಕದಲ್ಲಿ ಯಂತ್ರಕ್ಕೆ ಹಾಕಿ ನೋಡುತ್ತಾರೆ, ಒಂದೇ ರೋಗಾಣುವಿನ ಒಳಗೆ ಎಷ್ಟು ಕವಲುಗಳಿವೆ ಎಂದು ಮರದ ಚಿತ್ರ ಬರೆದು ತೋರಿಸುತ್ತಾರೆ. ಅಂಥ ಚಿತ್ರ ಕಂಡಾಗಲೆಲ್ಲ ನನಗೆ ಅಪ್ಪನ ಮಂದೆಯೇ ನೆನಪಾಗುವುದು.

ಮರಿಗಳಿಂದ ಬೆಳೆದ ರೋಗಾಣುವನ್ನೇ ತೊಳೆದು, ಔಷಧಿಯಲ್ಲಿ ಕೊಂದು, ನೇರಳೆ ಬಣ್ಣ ಹಾಕಿ ಹೊಸ ಬಾಟಲಿ ತಯಾರು ಮಾಡು ಎಂದರು ಡಾಕ್ಟರು. ಮಾಡಿದೆ. ಅಷ್ಟು ಎಚ್ಚರದಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಎರಡು ಬಾಟಲಿ ಹಿಡಿದು ಮತ್ತೆ ಬಸ್ಸು ಹತ್ತಿದೆ. ಅತ್ತೆ ಆ ಹೊತ್ತಿಗೆ ಮೂರನೇ ಸಲಕ್ಕೆ ಮೊಟ್ಟೆ ಕೂಡಿಡುತ್ತಿದ್ದಳು.

"ಎಲ್ಲಾವ್ನೂ ಇನ್ನೊಂದ್ ಕಿತ ನೋಡ್ಬೇಕು ಅತ್ತೆ" ಎಂದೆ.

"ಬಳೆ ತೊಡ್ಸಿದ್ಯಲ್ಲ ನೀನೇಯಾ?"

"ತೊಡ್ಸಿದ್ದೆ."

ಅವಳು ನನ್ನ ಮುಖ ನೋಡಿದಳು. ಕುಂಟುತ್ತಾ ಹೋಗಿ ಒಂದೊಂದೇ ಕೋಳಿ ಹಿಡಿದು ತಂದುಕೊಟ್ಟಳು. ಪ್ರತಿ ಕೋಳಿಗೂ ಹಲಗೆಯ ಮೇಲೆ ಎರಡು ಹನಿ: ಎಡಕ್ಕೆ ಹಳೆಯ ಬಾಟಲಿ, ಬಲಕ್ಕೆ ಹೊಸದು. ಹತ್ತು ಕೋಳಿ, ಎರಡೂ ಕಡೆ ನುಣ್ಣಗೆ. ಹನ್ನೊಂದನೆಯದರಲ್ಲಿ ಎಡಗಡೆಯ ಹನಿ ನುಣ್ಣಗೇ ಇತ್ತು, ಬಲಗಡೆಯದು ನಾನು ಹಲಗೆ ಎತ್ತುವುದರೊಳಗೆ ಒಡೆದು ಕಾಳುಕಾಳಾಯಿತು. ಅದರ ಕಾಲಲ್ಲಿ ನನ್ನ ಹಸಿರು ಬಳೆ.

ಸಂಜೆಯೊಳಗೆ ಅಂಥವು ಏಳು ಹೇಂಟೆ ಸಿಕ್ಕವು. ಒಂದನ್ನು ಅತ್ತೆಯ ಎದುರೇ ಕೊಯ್ದೆ. ಚಿನ್ನದ ಗುಂಡಿನಂತೆ ಗೊಂಚಲಾಗಿರಬೇಕಾದ ತತ್ತಿಗಳು ಸುಕ್ಕಿ, ಮೂಲೆಮೂಲೆಯಾಗಿ, ಹಸಿರು ಕಂದು ಬಣ್ಣಕ್ಕೆ ತಿರುಗಿ ಜೋತಾಡುತ್ತಿದ್ದವು. ಅದನ್ನು ತೋರಿಸಿ ಹೇಳಿದೆ: "ತಪ್ಪು ನಂದೇ ಅತ್ತೆ. ಮರಿ ಸತ್ತಿದ್ದು ಇವ್ಗಳಿಂದ. ಇವು ಚೆನ್ನಾಗವೆ ಅಂತ ಬಳೆ ತೊಡ್ಸಿದ್ದು ನಾನು. ಉಂಜದ್ ತಪ್ಪೇನೂ ಇರ್ಲಿಲ್ಲ."

ಹೇಳುತ್ತಾ ನನಗೆ ಅಳು ಬಂತು. ಊರಿನಲ್ಲಿ ಯಾರೂ ನಾನು ಅತ್ತದ್ದನ್ನು ಕಂಡಿರಲಿಲ್ಲ, ಮಾವ ಗಾಬರಿಯಾಗಿ ಬೀಡಿ ಬಿಸಾಕಿದ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದಳು. "ಉಂಜಕ್ ಎಂಗೂ ಸಾವಿತ್ತು ಬುಡು. ದೇವ್ರ್ ಮುಂದೆ ಆಗ್ಬೇಕಾಗಿದ್ದು ಕಲ್ಲ್ ಮ್ಯಾಲಾಯ್ತು. ಈಗ ಉಳ್ದ ಕೋಳಿ ನಡೀತವಾ, ಅದೇಳು."

ನಡೆಯುತ್ತವೆ ಎಂದು ನಾಲಿಗೆಯ ತುದಿಗೆ ಬಂದಿತ್ತು. "ನೋಡಾನ ಅತ್ತೆ" ಎಂದೆ.

ಕೂಡಿಟ್ಟಿದ್ದ ಮೊಟ್ಟೆಗಳನ್ನು ಕುಣಿ ತೋಡಿ ಹೂತೆವು, ಶೆಡ್ಡಿಗೆ ಹೊಸ ಸುಣ್ಣ ಬಳಿದೆವು, ನೆಲಕ್ಕೆ ಹಾಸಿದ್ದ ಕಡಲೆಸಿಪ್ಪೆಯನ್ನೆಲ್ಲ ಗೋರಿ ಸುಟ್ಟೆವು. ಎರಡು ವಾರ ಬಿಟ್ಟು ಇನ್ನೊಮ್ಮೆ ರಕ್ತ ನೋಡಿದಾಗ ಮತ್ತೆರಡು ಸಿಕ್ಕವು, ಅವನ್ನೂ ತೆಗೆದೆವು. ಮೂರನೇ ಸಲದ ಮರಿಗಳು ಹುಟ್ಟಿದವು. ಐದನೇ ದಿನ ತೂಗಲಿಲ್ಲ, ಹತ್ತನೇ ದಿನ ಒಂದರ ಹಿಂದೊಂದು ಓಡಿ ನುಸಿಗಳನ್ನು ಹಿಡಿದು ತಿನ್ನುತ್ತಿದ್ದವು. ತಿಂಗಳು ತುಂಬಿದ ಮೇಲೆ ಮಾವ ಕುರಿಯ ಮಾತು ನಿಲ್ಲಿಸಿದ. ಆ ರೋಗಾಣುವನ್ನು ಡಾಕ್ಟರು ಮದರಾಸಿನ ಕಡೆಯ ದೊಡ್ಡ ಲ್ಯಾಬಿಗೆ ಕಳಿಸಿದ್ದರು. ಇದು ಅದೇ ರೋಗಾಣುವಿನ ಬೇರೆ ಬಗೆ ಎಂದು ಉತ್ತರ ಬಂತು. ಅಂದಿನಿಂದ ನಾನು ಎರಡೂ ಬಗೆ ಬೆರೆಸಿದ ಬಾಟಲಿ ಇಲ್ಲದೆ ಯಾವ ಫಾರಮ್ಮಿಗೂ ಹೋಗಲಿಲ್ಲ. ಹೊಸ ಫಾರಮ್ಮಿಗೆ ಹೋದರೆ ಮೊದಲು ಅಲ್ಲಿಯ ಸತ್ತ ಮರಿ ಕೇಳುತ್ತಿದ್ದೆ, ಆಮೇಲೆ ಸೂಜಿ ತೆಗೆಯುತ್ತಿದ್ದೆ.

ಆರು ತಿಂಗಳ ಮೇಲೆ ಹೋದಾಗ ಅತ್ತೆ ಒಂದು ಬಿಳಿ ಹುಂಜ ಹಿಡಿದುಕೊಂಡು ಅಂಗಳದಲ್ಲೇ ಕಾದಿದ್ದಳು. ಮೂರನೇ ಸಲದ ಮರಿ, ಜುಟ್ಟು ಆಗಲೇ ಕೆಂಪಾಗಿತ್ತು.

"ಮೊದ್ಲು ಇದುರ್ ರಕ್ತ ನೋಡ್ಬುಡು. ದಾರ ಕಟ್ಟಿದ್ ಮ್ಯಾಲೆ ಸೂಜಿ ತಾಗಂಗಿಲ್ಲ."

"ಮುನಿಯಪ್ಪಂಗೆ ಬಿಳೀದ್ ಆಗ್ತದಾ?"

"ಅವ್ನ್ ಬಣ್ಣ ಕೇಳಾಕಿಲ್ಲ. ನೀನ್ ಬರ್ತೀಯಾ ಇಲ್ವಾ ಅಂತ ಕೇಳ್ತಾನೆ."

ರಜೆಯ ಚೀಟಿ ಸಹಿ ಮಾಡಿಸಿಕೊಂಡೇ ಬಂದಿದ್ದೆ, ಮೂರು ದಿನಕ್ಕೆ. ಹನಿ ಬೆರೆಸಿ ಹಲಗೆ ಓಲಾಡಿಸಿದೆ. ಅತ್ತೆ ಪಕ್ಕದಲ್ಲಿ ಬಗ್ಗಿ ನೋಡಿದಳು. ಎರಡು ನಿಮಿಷ ಕಳೆದರೂ ನಾನು ಬಾಯಿ ಬಿಡಲಿಲ್ಲ, ಐದು ನಿಮಿಷ ಕಾದೆ.

"ಚೆನ್ನಾಗೈತೆ ಅತ್ತೆ. ನಂಗೆ ಕಾಣೋ ಮಟ್ಟಿಗೆ."

ಅವಳು ನಕ್ಕಳು.

"ಕೆಲ್ಸ ಆಗ್ಲೇ ಸಿಕ್ಕೈತಲ್ಲ, ಈ ಅರಕೆ ಯಾರ್ಗೆ?"

"ನಿಂಗೇಯಾ. ಅಳೇದು ಬಾಕಿ ಐತೆ. ಅದುರ್ ಜತೆಗೆ ನಿನ್ ಬಾಯಿ ಒಸಿ ತಗ್ಗಲಿ ಅಂತ ಕೇಳ್ಕೊಂಡಿವ್ನಿ. ಅರ್ಧ ಆಗ್ಲೇ ಕೊಟ್ಟವ್ನೆ."

ಒಳಗೆ ಹೋಗಿ ದೇವರ ಗೂಡಿನಿಂದ ಅರಿಶಿನದ ದಾರ ತಂದಳು. ಹೊಸದಲ್ಲ. ಕೆಂಪು ಹುಂಜದ ಕಾಲಿನಿಂದ ಬಿಚ್ಚಿ, ತೊಳೆದು ಎತ್ತಿಟ್ಟಿದ್ದದ್ದೇ. ನಾನು ಹುಂಜದ ಕಾಲು ಹಿಡಿದುಕೊಂಡೆ, ಅವಳು ಗಂಟು ಹಾಕಿದಳು.